ಮಾವನ ಜೊತೆ ಕುದುರೆ ಲಾಯಕ್ಕೆ

ಬೆಳಗ್ಗೆ ಆರೂವರೆ. ಹೆಬ್ಬಾಳ ಫ್ಲೈಓವರ್ ಮೇಲೆ ಇನ್ನೂ ಟ್ರಾಫಿಕ್ ಶುರುವಾಗಿಲ್ಲ. ಪಕ್ಕದ ಸೀಟಿನಲ್ಲಿ ನಮ್ಮ ಸೋದರಮಾವ. ಮುಖ ತೋರಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಈ ವಿಡಿಯೊದಲ್ಲಿ ನಿಮಗೆ ಅವರ ಕೈ ಮಾತ್ರ ಕಾಣುತ್ತದೆ.

1999ರಲ್ಲಿ ಮಾವ ಕಾರ್ಗಿಲ್‌ನಲ್ಲಿದ್ದರು. ಈಗಲೂ ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೇ ಕೂರುತ್ತಾರೆ. ದೀಪಾವಳಿ ಬಂದರೆ ಒಳಕೋಣೆ ಬಿಟ್ಟು ಆಚೆ ಬರುವುದಿಲ್ಲ. ಚಿಕ್ಕವರಿದ್ದಾಗ ನಾವು ಅದನ್ನು ಬರೀ ಸಿಟ್ಟು ಅಂದುಕೊಂಡಿದ್ದೆವು. ಪಿಟಿಎಸ್‌ಡಿ, ಅಂದರೆ ಯುದ್ಧದಂಥ ಭೀಕರ ಅನುಭವ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ, ಅನ್ನುವ ಹೆಸರು ಕೇಳಿದ್ದು ಡಾಕ್ಟರ್ ಹತ್ತಿರ ಹೋದ ಮೇಲೆ. ಮಾತ್ರೆ, ಕೌನ್ಸೆಲಿಂಗ್ ಎರಡೂ ನಡೆಯುತ್ತಿವೆ. ಕುದುರೆ ಅದರ ಬದಲಿಗಲ್ಲ, ಅದರ ಜೊತೆಗೆ.

ಯಲಹಂಕದ ಆಚೆ ಇರುವ ಈ ಲಾಯದಲ್ಲಿ ಅವರಿಗೆ ಸವಾರಿ ಇಲ್ಲ. ಮೈ ಉಜ್ಜುವುದು, ಗೊರಸಿನ ಮಣ್ಣು ತೆಗೆಯುವುದು, ಹಗ್ಗ ಹಿಡಿದು ನಡೆಸುವುದು, ಅಷ್ಟೇ. ಕೌನ್ಸೆಲರ್ ಒಬ್ಬರು, ಕುದುರೆ ಬಲ್ಲವರೊಬ್ಬರು ಪಕ್ಕದಲ್ಲೇ ಇರುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 63 ಮಾಜಿ ಸೈನಿಕರಿಗೆ ವಾರಕ್ಕೊಂದು ಸಲದಂತೆ 8 ವಾರ ಹೀಗೇ ಮಾಡಿಸಿ ನೋಡಿದರು. 2021ರಲ್ಲಿ ಬಂದ ವರದಿಯ ಪ್ರಕಾರ ಪಿಟಿಎಸ್‌ಡಿ ಲಕ್ಷಣಗಳೂ ಖಿನ್ನತೆಯೂ ಕಡಿಮೆಯಾಗಿದ್ದವು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಅದೇ ಕೊನೆಯ ಮಾತಲ್ಲ. ಆದರೂ ನನಗೆ ಆಸೆ ಹುಟ್ಟಲು ಅಷ್ಟು ಸಾಕಾಯಿತು.

ಆ ಕಿವಿ ನೋಡಿ. ಒಂದು ಮಾವನ ಕಡೆ, ಇನ್ನೊಂದು ಗೇಟಿನ ಕಡೆ. ಕುದುರೆ ಬೇಟೆಗೆ ಸಿಗುವ ಪ್ರಾಣಿ ಅಲ್ವಾ, ಯಾವಾಗಲೂ ಕಾವಲಲ್ಲೇ ಇರುತ್ತದೆ. ಮೊದಲ ದಿನವೇ ಮಾವ ಹೇಳಿದ್ದರು, "ಇದೂ ಡ್ಯೂಟಿ ಮೇಲೇ ಇದೆ ಕಣೋ."

ಅವತ್ತು ಅದು ಗೊರಸು ಎತ್ತಲೇ ಇಲ್ಲ. ಮಾವ ಬಿಗಿ ಹಿಡಿದಷ್ಟೂ ಅದೂ ಬಿಗಿಯಾಯಿತು. "ಉಸಿರು ಬಿಡಿ ಸರ್" ಅಂದರು ಕೌನ್ಸೆಲರ್. ಮಾವ ಭುಜ ಇಳಿಸಿ ಉದ್ದಕ್ಕೆ ಉಸಿರು ಬಿಟ್ಟರು. ಒಂದು, ಎರಡು, ಮೂರನೇ ಸಲಕ್ಕೆ ಕಾಲು ತಾನಾಗೇ ಮೇಲೆ ಬಂತು.

ಇವತ್ತು ರಸ್ತೆಯಲ್ಲಿ ಲಾರಿ ಟೈರ್ ಸಿಡಿಯಿತು. ಇಲ್ಲಿ ಕ್ಯಾಮೆರಾ ಅಲುಗಿದ್ದು ನಾನು ಬೆಚ್ಚಿದ್ದಕ್ಕೆ. ಕುದುರೆ ತಲೆ ಎತ್ತಿತು, ಹೊಳ್ಳೆ ಅಗಲವಾದವು. ಮಾವನ ಕೈ ನರ ಉಬ್ಬಿತು. ನಾನು ಓಡಬೇಕು ಅನ್ನುವಷ್ಟರಲ್ಲಿ ಅವರು ಅದರ ಕುತ್ತಿಗೆ ಮೇಲೆ ಅಂಗೈ ಇಟ್ಟರು.

"ಏನೂ ಇಲ್ಲ, ಏನೂ ಇಲ್ಲ. ನಾನಿದ್ದೀನಲ್ಲ."

ದೀಪಾವಳಿ ರಾತ್ರಿ ಒಳಕೋಣೆ ಬಾಗಿಲ ಹತ್ತಿರ ಕೂತು ಅತ್ತೆ ಹೇಳುವ ಮಾತು ಅದು.

ಕುದುರೆ ತಲೆ ತಗ್ಗಿಸಿ ಬಾಯಿ ಚಪ್ಪರಿಸಿತು. ಮಾವ ಕೆಳಗೆ ಬಿದ್ದಿದ್ದ ಬ್ರಷ್ ಎತ್ತಿಕೊಂಡು, ಬಿಟ್ಟಲ್ಲಿಂದಲೇ ಉಜ್ಜತೊಡಗಿದರು.