30 ಸೆಕೆಂಡಿನಲ್ಲಿ ನಿಮ್ಮ ಬಿಸಿನೆಸ್ ಬಗ್ಗೆ ಹೇಳೋದು ಹೇಗೆ?

ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಯಾವ ಬಿಸಿನೆಸ್ ಮೀಟ್‌ಗೆ ಹೋದರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ನಮ್ಮದು ಕಾಫಿಪುಡಿ ಸರ್, ಒಳ್ಳೆ ಕ್ವಾಲಿಟಿ, ಒಂದ್ಸಲ ಟ್ರೈ ಮಾಡಿ." ಎದುರಿಗಿದ್ದವರು ತಲೆಯಾಡಿಸಿ ಕಾರ್ಡ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಪುಡಿ ನಿಜವಾಗಿಯೂ ಚೆನ್ನಾಗಿರಬಹುದು, ಆದರೆ ಈ ಊರಲ್ಲಿ ಪುಡಿ ಮಾರುವವರೆಲ್ಲ ಇದನ್ನೇ ಹೇಳುತ್ತಾರೆ, ಅಲ್ವಾ?

ಲಿಫ್ಟ್ ಮೇಲೆ ಹೋಗುವಷ್ಟರಲ್ಲಿ ಮುಗಿಯುವ ಪರಿಚಯಕ್ಕೆ ಎಲಿವೇಟರ್ ಪಿಚ್ ಅಂತಾರೆ. 30 ಸೆಕೆಂಡ್, ಜಾಸ್ತಿ ಅಂದರೆ 1 ನಿಮಿಷ. ನಮ್ಮ ಕಡೆ ಅದು ನಡೆಯೋದು ಮದುವೆ ಮನೆಯ ಊಟದ ಸಾಲಿನಲ್ಲಿ, ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಗೇಟಿನ ಹತ್ತಿರ.

ಇಷ್ಟು ಕಡಿಮೆ ಹೊತ್ತಿನಲ್ಲಿ ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆಯಿಂದ ಶುರು ಮಾಡಬೇಡಿ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಜಿಐ ಟ್ಯಾಗ್ (ಇದು ಈ ಜಾಗದ್ದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯೇ, ಆದರೆ ಅದು ಇಡೀ ಜಿಲ್ಲೆಯದು, ಪಕ್ಕದ ತೋಟದವರೂ ಅದನ್ನೇ ಹೇಳಬಹುದು. ನೀವು ಮಾತ್ರ ಹೇಳಬಹುದಾದ್ದು ಏನಿದೆ?

ಎದುರಿಗೆ ಹೋಂಸ್ಟೇ ನಡೆಸುವವರು ಇದ್ದಾರೆ ಅಂದುಕೊಳ್ಳಿ.

(ಸ್ಕ್ರೀನ್ ಮೇಲೆ ಪಿಚ್)
"ಆಲ್ದೂರಿನ ಹತ್ತಿರ ನಮ್ಮ ತೋಟ ಸರ್. ಹೋಂಸ್ಟೇಗಳಿಗೆ ಫಿಲ್ಟರ್ ಕಾಫಿಪುಡಿ ಮಾಡಿಕೊಡುತ್ತೇವೆ. ಪುಡಿ ಹಳೆಯದಾದರೆ ಘಮ ಹೋಗುತ್ತೆ, ಗೆಸ್ಟ್‌ಗಳು 'ತೋಟದ ಮಧ್ಯೆ ಇದ್ದರೂ ಕಾಫಿ ಸಪ್ಪೆ' ಅಂತ ರಿವ್ಯೂ ಬರೀತಾರೆ. ಅದಕ್ಕೆ ನಾವು ಆರ್ಡರ್ ಬಂದ ಮೇಲೇ ಹುರಿದು, ಪ್ರತಿ ಸೋಮವಾರ ತಂದುಕೊಡುತ್ತೇವೆ. ಚಿಕೋರಿ ಎಷ್ಟಿದೆ ಅಂತ ಪ್ಯಾಕೆಟ್ ಮೇಲೇ ಇರುತ್ತೆ. ಈ ವಾರ ಕಾಲು ಕೆಜಿ ಸ್ಯಾಂಪಲ್ ಕಳಿಸಲಾ?"

ಇಲ್ಲಿ ಕೆಲಸ ಮಾಡುವುದು ಆ ರಿವ್ಯೂ ಮಾತು. ಹೋಂಸ್ಟೇಯವರಿಗೆ ನಿಮ್ಮ ತೋಟ ಎಷ್ಟು ಎಕರೆ ಅನ್ನೋದಕ್ಕಿಂತ ತಮ್ಮ ರೇಟಿಂಗ್ ಚಿಂತೆ ಜಾಸ್ತಿ, ಅವರ ತಲೆನೋವು ನಿಮ್ಮ ಬಾಯಲ್ಲಿ ಬಂದ ತಕ್ಷಣ ಕಿವಿ ಕೊಡುತ್ತಾರೆ. "ಫ್ರೆಶ್" ಅಂತ ಎಲ್ಲರೂ ಅನ್ನುತ್ತಾರೆ, "ಪ್ರತಿ ಸೋಮವಾರ" ಅಂದರೆ ಅದು ಮಾತು ಕೊಟ್ಟ ಹಾಗೆ. ಕೊಟ್ಟ ಮೇಲೆ ಸೋಮವಾರ ಹೋಗಲೇಬೇಕು. ಚಿಕೋರಿ ವಿಷಯವೂ ಹಾಗೇ. ಮಿಕ್ಸ್‌ನಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು ಅನ್ನೋದು ನಿಯಮ, ಪುಡಿ ಕೊಳ್ಳುವವರು ಇದನ್ನು ಕೇಳಿಯೇ ಕೇಳುತ್ತಾರೆ, ನೀವೇ ಮೊದಲು ಹೇಳಿಬಿಟ್ಟರೆ ನಂಬಿಕೆ ಬರುತ್ತದೆ.

ಕೊನೆಯ ಪ್ರಶ್ನೆ ಬಿಡಲೇಬೇಡಿ. "ನೋಡಿ ಸರ್, ಏನಾದರೂ ಇದ್ದರೆ ಹೇಳಿ" ಅಂದರೆ ಯಾರೂ ಏನೂ ಹೇಳುವುದಿಲ್ಲ. ಕಾಲು ಕೆಜಿ ಸ್ಯಾಂಪಲ್‌ಗೆ ಹೂಂ ಅನ್ನೋದು ಸುಲಭ.

ಅದೇ ಪಿಚ್ ಬೆಂಗಳೂರಿನ ರೋಸ್ಟರ್, ಅಂದರೆ ಬೀಜ ಕೊಂಡು ತಾವೇ ಹುರಿದು ಮಾರುವವರ ಮುಂದೆ ನಡೆಯುವುದಿಲ್ಲ. ಅವರಿಗೆ ಪುಡಿ ಬೇಡ, ಹುರಿಯದ ಹಸಿರು ಬೀಜ ಬೇಕು. ಅರೇಬಿಕಾನಾ ರೋಬಸ್ಟಾನಾ, ವಾಶ್ಡಾ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ನ್ಯಾಚುರಲ್ಲಾ (ಹಣ್ಣಿನ ಸಮೇತ ಒಣಗಿಸಿದ್ದು), ತೋಟ ಎಷ್ಟು ಎತ್ತರದಲ್ಲಿದೆ, ಎಷ್ಟು ಮೂಟೆ ಸಿಗುತ್ತದೆ, ಅಷ್ಟೇ ಅವರಿಗೆ ಬೇಕಾದ್ದು. ಹಾಗಾಗಿ ಮೊದಲು "ನೀವೇನು ಮಾಡ್ತೀರಿ?" ಅಂತ ಕೇಳಿ, ಆಮೇಲೆ ಬಾಯಿ ತೆಗೆಯಿರಿ.

ಪ್ರಾಕ್ಟೀಸ್ ಮಾಡೋಕೆ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ಆದರೆ ಬಾಯಿಪಾಠ ಬೇಡ, ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಕಾಫಿ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ ಹೇಳಿ, ಒಂದು ಗಂಟೆ ಬಿಟ್ಟು "ನಾನು ಯಾರಿಗೆ ಏನು ಮಾರ್ತೀನಿ ಅಂದೆ?" ಅಂತ ಕೇಳಿ. ಅವರು ತಡವರಿಸಿದರೆ ಪಿಚ್ ತಿದ್ದಿ.

ಇನ್ನು ಆ ಕಡೆಯವರು ಸ್ಯಾಂಪಲ್‌ಗೆ ಹೂಂ ಅಂದರೆ ಅಲ್ಲೇ ನಂಬರ್ ತಗೊಳ್ಳಿ. ಅವತ್ತೇ ಸಂಜೆ ವಾಟ್ಸಾಪ್‌ನಲ್ಲಿ ಹೆಸರು, ಎಲ್ಲಿ ಸಿಕ್ಕಿದ್ದು, ಸ್ಯಾಂಪಲ್ ಯಾವತ್ತು ಬರುತ್ತದೆ, ಈ ಮೂರು ವಿಷಯ ಬರೆದು ಕಳಿಸಿ.