ಉರಿ ಆರಿಸೋ ಜೀನ್

ಕೇಳುಗರಿಗೆಲ್ಲಾ ನಮಸ್ಕಾರ. ಕೋವಿಡ್ ಬಂದಾಗಿಂದ ಕಷಾಯದ ಪುಡಿಯಿಂದ ಹಿಡಿದು ಮಕ್ಕಳ ಹಾಲಿನ ಪೌಡರ್ ತನಕ ಎಲ್ಲದರ ಮೇಲೂ ಇಮ್ಯುನಿಟಿ ಬೂಸ್ಟರ್ ಅಂತ ಬರೆದಿರೋದು ನೋಡ್ತಿದೀವಿ. ಇಮ್ಯುನಿಟಿ ಏರಿದಷ್ಟೂ ಒಳ್ಳೇದು ಅನ್ನೋ ನಂಬಿಕೆ ನನಗಂತೂ ಒಪ್ಪಿಗೆ ಇಲ್ಲ, ಯಾಕೆ ಅಂತ ಒಂದೇ ಒಂದು ಜೀನ್ ಇಟ್ಕೊಂಡು ಹೇಳ್ತೀನಿ.

ಆ ಜೀನ್ ತಯಾರಿಸೋ ಪ್ರೋಟೀನ್ ಹೆಸರು ಎ20. ರೋಗಾಣು ಒಳಗೆ ಬಂತು ಅಂದ್ಕೊಳ್ಳಿ, ಜೀವಕೋಶದ ಒಳಗಿನ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನಿನ ಸರಪಳಿ ಅಂಟಿಕೊಳ್ಳುತ್ತೆ, ಅದರ ಮೂಲಕ ಸಿಗ್ನಲ್, ಜೀನ್‌ಗಳನ್ನ ಆನ್ ಮಾಡೋ ಪ್ರೋಟೀನ್ ಆದ ಎನ್‌ಎಫ್-ಕಪ್ಪಾ-ಬಿ ತನಕ ಹೋಗಿ ಉರಿಯೂತದ, ಅಂದ್ರೆ ಇಮ್ಯುನಿಟಿ ಹೋರಾಡುವಾಗ ಮೈ ಕೆಂಪಾಗಿ ಊದಿಕೊಳ್ಳೋದರ, ಜೀನ್‌ಗಳೆಲ್ಲಾ ಆನ್ ಆಗ್ತವೆ. ವಿಶೇಷ ಏನಂದ್ರೆ ಅದೇ ಎನ್‌ಎಫ್-ಕಪ್ಪಾ-ಬಿ ಎ20 ಜೀನನ್ನೂ ಆನ್ ಮಾಡುತ್ತೆ, ಎ20 ಬಂದು ಆ ಸರಪಳಿ ಬಿಚ್ಚಿ ಸಿಗ್ನಲ್ ತಗ್ಗಿಸುತ್ತೆ. ಉರಿ ಹಚ್ಚಿದೋರೇ ನೀರಿನ ಕೊಡಾನೂ ತಂದಿಟ್ಟ ಹಾಗೆ. 2000ನೇ ಇಸವಿಯಲ್ಲಿ ಈ ಜೀನ್ ತೆಗೆದ ಇಲಿಗಳನ್ನ ನೋಡಿದಾಗ, ಲಿವರ್, ಕಿಡ್ನಿ, ಕರುಳು ಎಲ್ಲಾ ಕಡೆ ಉರಿಯೂತ ಎದ್ದು ಅವು ಎಳೇ ವಯಸ್ಸಲ್ಲೇ ಸತ್ತುಹೋದ್ವು.

ನನಗೆ ತುಂಬಾ ಇಷ್ಟವಾದ ಕೆಲಸ ಬೆಲ್ಜಿಯಂನ ಗೆಂಟ್ ಊರಿನ ವಿಜ್ಞಾನಿಗಳದ್ದು, 2015ರದ್ದು. ಯೂರೋಪಲ್ಲಿ ದನದ ಕೊಟ್ಟಿಗೆ ಇರೋ ಮನೆ ಮಕ್ಕಳಿಗೆ ಆಸ್ತಮಾ, ಅಲರ್ಜಿ ಕಮ್ಮಿ ಅಂತ ಮೊದಲಿಂದ ಗೊತ್ತಿತ್ತು, ಯಾಕೆ ಅನ್ನೋದೇ ಪ್ರಶ್ನೆ. ಇವರು ಕೊಟ್ಟಿಗೆ ಧೂಳನ್ನ ಇಲಿಗಳಿಗೆ ಎರಡು ವಾರ ಸ್ವಲ್ಪಸ್ವಲ್ಪವೇ ಉಸಿರಲ್ಲಿ ಕೊಟ್ಟು, ಆಮೇಲೆ ಅಲರ್ಜಿ ಎಬ್ಬಿಸೋ ಮನೆಧೂಳಿನ ನುಸಿ ಕೊಟ್ಟರೆ ಇಲಿಗಳಿಗೆ ಆಸ್ತಮಾ ಬರಲಿಲ್ಲ, ಶ್ವಾಸಕೋಶದ ಒಳಪದರದ ಜೀವಕೋಶಗಳಲ್ಲಿ ಎ20 ತೆಗೆದುಬಿಟ್ರೆ ಮಾತ್ರ ಆ ರಕ್ಷಣೆ ಮಾಯ. ಧೂಳು ಇಮ್ಯುನಿಟಿಯ ಸೈನ್ಯ ಬೆಳೆಸಲಿಲ್ಲ, ಸಮಾಧಾನ ಮಾಡೋದನ್ನ ಕಲಿಸ್ತು ನೋಡಿ! ಹಾಗಂತ ಆಸ್ತಮಾ ಈಗಾಗ್ಲೇ ಇರೋ ಮಗೂನ ಧೂಳಲ್ಲಿ ಬಿಡಬೇಡಿ, ಅದು ಅಪಾಯ.

ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಯಲ್ಲಿ ಒಂದು ಕೆಟ್ಟರೂ ಸಾಕು, ಚಿಕ್ಕಂದಿನಿಂದಲೇ ಬಾಯಲ್ಲಿ, ಗುಪ್ತಾಂಗದಲ್ಲಿ ಹುಣ್ಣು, ಜ್ವರ, ಕೀಲುನೋವು ಮತ್ತೆಮತ್ತೆ ಬರಬಹುದು. ಇದನ್ನ ಒಂದು ಕಾಯಿಲೆ ಅಂತ ಗುರುತಿಸಿದ್ದೇ 2016ರಲ್ಲಿ. ಅಪ್ಪನಿಗೂ ಮಗಳಿಗೂ ಇದೇ ತೊಂದರೆ ಇದ್ರೆ ಬರೀ ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗ್ತಾ ಕೂರದೆ ರುಮಟಾಲಜಿ, ಅಂದ್ರೆ ಕೀಲು ಮತ್ತು ಉರಿಯೂತದ ಕಾಯಿಲೆ ನೋಡೋ ಡಾಕ್ಟ್ರನ್ನ ಕಂಡು, ಜೀನ್ ಟೆಸ್ಟ್ ಬೇಕಾ ಅಂತ ಕೇಳಿ. ನಮಸ್ಕಾರ.