ಜೂನ್ ತಿಂಗಳಲ್ಲಿ ಈ ಹುರುಪು ಎಲ್ಲಿಗೆ ಹೋಗುತ್ತದೆ?

ವೇದಿಕೆಯಲ್ಲಿರುವ ಹಿರಿಯರಿಗೂ, ಎದುರಿಗೆ ಕೂತಿರುವ ಮಕ್ಕಳಿಗೂ, ಬಾಗಿಲ ಹತ್ತಿರ ನಿಂತೇ ಕೇಳುತ್ತಿರುವ ಅಪ್ಪಂದಿರಿಗೂ ನಮಸ್ಕಾರ. ಒಳಗೆ ಕುರ್ಚಿ ಉಂಟು, ಬನ್ನಿ.

ಆಮಂತ್ರಣದಲ್ಲಿ ‘ಕಮಾಂಡೋ ಆಗುವ ಛಲ’ ಅಂತ ಅಚ್ಚು ಹಾಕಿಸಿದ್ದಾರೆ. ಛಲದ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ, ಅದು ನಿಮ್ಮಲ್ಲಿ ಬೇಕಾದಷ್ಟು ಉಂಟು. ಜನವರಿಯಲ್ಲಿ ನಮ್ಮ ಕಾಸರಗೋಡಿನ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಶಾಲೆಯ ಮೈದಾನಕ್ಕೆ ಹೋದರೂ ಬೆಳಕು ಹರಿಯುವ ಮೊದಲೇ ಹುಡುಗರ ಹಿಂಡು ಓಡುತ್ತಿರುತ್ತದೆ. ಮಾರ್ಚಿಗೆ ಅರ್ಧ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಮೈದಾನದಲ್ಲಿ ಕಪ್ಪೆ ಮಾತ್ರ. ಮನೆಯಲ್ಲಿ ‘ನಿನಗೆ ಛಲ ಇಲ್ಲ’ ಅಂತ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಹೆಚ್ಚಿನವರು ನಿಂತದ್ದು ಕಾಲುನೋವಿಗೆ. ಉಳಿದವರು ನಿಂತದ್ದು ‘ಇವತ್ತು ಏನು ಮಾಡಬೇಕು’ ಅಂತ ಗೊತ್ತಿಲ್ಲದೆ. ಇವತ್ತು ನಾನು ಎಲ್ಲಿ ಸುತ್ತಿದರೂ ಕಣಕಾಲಿಗೂ ನೋಟ್‌ಬುಕ್ಕಿಗೂ ವಾಪಸು ಬರುತ್ತೇನೆ, ಬೇಸರ ಮಾಡಬೇಡಿ.

ದಾರಿ ನಿಮಗೆ ಗೊತ್ತುಂಟು. ಮೊದಲು ಸೈನಿಕ, ಆಮೇಲೆ ಸ್ವಇಚ್ಛೆಯಿಂದ ಸೇನೆಯ ಕಮಾಂಡೋ ಪಡೆಯಾದ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೆ ಹೆಸರು ಕೊಡುವುದು, ಆಮೇಲೆ ತಿಂಗಳುಗಟ್ಟಲೆ ಪ್ರೊಬೇಷನ್, ಅಂದರೆ ಪರೀಕ್ಷೆಯ ಅವಧಿ. ನಿದ್ದೆ ಇಲ್ಲ, ಹೊರೆ ಹೊತ್ತು ಹತ್ತಾರು ಕಿಲೋಮೀಟರ್. ಬಂದವರಲ್ಲಿ ಹೆಚ್ಚಿನವರು ತಮ್ಮ ಮೂಲ ಘಟಕಕ್ಕೆ ಹಿಂದಿರುಗುತ್ತಾರೆ. ಹದಿನೆಂಟರ ಹುಡುಗ ದಿನಾ ಬೆಳಿಗ್ಗೆ ಆ ಪಡೆಯವರ ಮರೂನ್ ಟೊಪ್ಪಿಯನ್ನೇ ನೆನೆದು ಏಳುವುದಾದರೆ ಮೂರು ತಿಂಗಳಿಗೆ ದಣಿಯುತ್ತಾನೆ, ಅದು ಅಷ್ಟು ದೂರ ಉಂಟು. ಎದುರಿಗಿರುವ ಗೇಟು ಮಾತ್ರ ನೋಡಿ. ಅಗ್ನಿವೀರ್ ಜನರಲ್ ಡ್ಯೂಟಿಗೆ, ಅಂದರೆ ಸೇನೆಯ ಸಾಮಾನ್ಯ ಸೈನಿಕ ಹುದ್ದೆಗೆ, ಲಿಖಿತ ಪರೀಕ್ಷೆ ದಾಟಿದ ಮೇಲೆ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. 10 ಪುಲ್‌ಅಪ್‌ಗೆ, ಅಂದರೆ ಪೈಪಿಗೆ ಜೋತು ಗಲ್ಲ ಅದರ ಮೇಲೆ ಬರುವ ಹಾಗೆ ಮೈ ಎತ್ತುವುದಕ್ಕೆ, 40 ಅಂಕ. 9 ಅಡಿ ಹೊಂಡ ಹಾರುವುದು, ಅಂಕುಡೊಂಕು ಹಲಗೆಯ ಮೇಲೆ ನಡೆಯುವ ಝಿಗ್‌ಝಾಗ್ ಬ್ಯಾಲೆನ್ಸ್ ಪಾಸಾದರೆ ಸಾಕು. ನಿಮ್ಮ ಶಾಲೆಯ ಟ್ರ್ಯಾಕ್ 200 ಮೀಟರಿನದ್ದಾದರೆ ಎಂಟು ಸುತ್ತು, ಸುತ್ತಿಗೆ 41 ಸೆಕೆಂಡು. ಸದ್ಯಕ್ಕೆ ನಿಮ್ಮ ಕಮಾಂಡೋ ಜೀವನ ಅಂದರೆ ಈ 41 ಸೆಕೆಂಡು.

ಇಲ್ಲಿ ಒಂದು ಕಥೆ ಹೇಳಲೇಬೇಕು. 1971ರ ಡಿಸೆಂಬರ್, ಪಾಕಿಸ್ತಾನದ ಜೊತೆ ಯುದ್ಧ. 10 ಪ್ಯಾರಾ ಕಮಾಂಡೋ ಪಡೆ, ಅದರ ನಾಯಕ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್, ಜೈಪುರದ ರಾಜಮನೆತನದವರು. ಜೀಪುಗಳಲ್ಲಿ ರಾಜಸ್ಥಾನದ ಗಡಿ ದಾಟಿ ಪಾಕಿಸ್ತಾನದ ಸಿಂಧ್‌ನ ಒಳಗೆ 70–80 ಕಿಲೋಮೀಟರ್ ಹೋಗಿ ಛಾಛ್ರೊ ಅನ್ನುವ ಊರಿನ ಮೇಲೆ ದಾಳಿ ಮಾಡಿದರು. ಭವಾನಿ ಸಿಂಗರಿಗೆ ಮಹಾವೀರ ಚಕ್ರ ಬಂತು. ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾದದ್ದು ಅದರ ಹಿಂದಿನ ಭಾಗ. ಯುದ್ಧ ಶುರುವಾಗುವ ಮೊದಲು ಈ ಪಡೆ ತಿಂಗಳುಗಟ್ಟಲೆ ಅದೇ ಮರಳಿನಲ್ಲಿ ತಾಲೀಮು ಮಾಡಿತ್ತು. ಮರಳುಗಾಡಿನಲ್ಲಿ ರಾತ್ರಿ ದೀಪ ಹಾಕದೆ ಜೀಪು ಓಡಿಸಬೇಕಾದರೆ ಏನೇನು ಗೊತ್ತಿರಬೇಕು ಯೋಚಿಸಿ. ಟೈರಿನ ಗಾಳಿ ಎಷ್ಟು ಇಳಿಸಬೇಕು, ಎಷ್ಟು ಇಳಿಸಿದರೆ ಟೈರು ರಿಮ್ಮಿನಿಂದ ಕಳಚುತ್ತದೆ, ಹೂತ ಜೀಪನ್ನು ಸದ್ದಿಲ್ಲದೆ ಎತ್ತುವುದು ಹೇಗೆ, ಗುರುತಿಗೆ ಒಂದು ಮರವೂ ಇಲ್ಲದ ಕಡೆ ದಿಕ್ಸೂಚಿ ಹಿಡಿದು ಕಿಲೋಮೀಟರ್ ಲೆಕ್ಕ ಇಡುವುದು ಹೇಗೆ. ರೇಡಿಯೇಟರಿಗೆ ಎಷ್ಟು ನೀರು, ಮನುಷ್ಯನಿಗೆ ಎಷ್ಟು. ಇದರಲ್ಲಿ ರೋಮಾಂಚನ ಎಲ್ಲುಂಟು? ಬೇಜಾರಿನ ಕೆಲಸ. ದಾಳಿ ಕೆಲವು ರಾತ್ರಿಗಳದ್ದು, ಬೇಜಾರು ತಿಂಗಳುಗಳದ್ದು. ಈಗ ಮೊಬೈಲಿನಲ್ಲಿ ನೀವು ನೋಡುವ ವಿಡಿಯೋದಲ್ಲಿ ಆ ರಾತ್ರಿಗಳು ಮಾತ್ರ ಇರುತ್ತವೆ, ಹಿನ್ನೆಲೆ ಸಂಗೀತ ಬೇರೆ!

ಹಾಗಾಗಿ ನೋಟ್‌ಬುಕ್. ಇಪ್ಪತ್ತು ರೂಪಾಯಿಯದ್ದು ಸಾಕು. ನಾಲ್ಕು ಕಲಂ: ಏನು ಮಾಡಿದೆ, ಎಷ್ಟು ಸಮಯ, ರಾತ್ರಿ ಎಷ್ಟು ಗಂಟೆ ನಿದ್ದೆ, ಎಲ್ಲಿ ನೋವು. ಎದ್ದ ಕೂಡಲೇ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಅದನ್ನೂ ಬರೆಯಿರಿ. ಎರಡು ದಿನ ಸತತ ಮಾಮೂಲಿಗಿಂತ ಎಂಟು-ಹತ್ತು ಜಾಸ್ತಿ ಬಂದರೆ ಅವತ್ತು ಬರೀ ನಡಿಗೆ. ಮುಂದಿನ ವಾರದ್ದನ್ನು ಭಾನುವಾರ ರಾತ್ರಿಯೇ ಬರೆದಿಡಿ. ಮನಸ್ಸಿಲ್ಲದ ದಿನಕ್ಕೆ ಒಂದೇ ನಿಯಮ: ಶೂ ಹಾಕಿ ಹತ್ತು ನಿಮಿಷ ಓಡುವುದು. ಆಮೇಲೂ ಬೇಡ ಅನಿಸಿದರೆ ಮನೆಗೆ ಬಂದು ‘ಹತ್ತು ನಿಮಿಷ’ ಅಂತ ಬರೆಯುವುದು. ಹೆಚ್ಚಾಗಿ ವಾಪಸು ಬರುವುದಿಲ್ಲ, ಕಷ್ಟ ಇರುವುದು ಶೂ ಹಾಕುವಲ್ಲಿ.

ಇನ್ನು ಕಣಕಾಲು. ಇದನ್ನು ಸ್ವಲ್ಪ ನಿಧಾನ ಕೇಳಿ. ಓಡಲು ಶುರು ಮಾಡಿದ ಮೂರು-ನಾಲ್ಕು ವಾರದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ. ಎಲುಬಿಗೂ ಸ್ನಾಯುಬಂಧಕ್ಕೂ ಅದೇ ಬದಲಾವಣೆಗೆ ತಿಂಗಳುಗಳು ಬೇಕು. ನಾಲ್ಕನೆಯ ವಾರ ಹುಡುಗನಿಗೆ ‘ನಾನು ಆನೆ’ ಅನಿಸುತ್ತದೆ, ಐದು ಕಿಲೋಮೀಟರ್ ಇದ್ದದ್ದನ್ನು ಹತ್ತು ಮಾಡುತ್ತಾನೆ, ಅದೂ ನಮ್ಮ ಮುರಕಲ್ಲಿನ ಮೈದಾನದಲ್ಲಿ, ಅಡಿ ಸವೆದ ಶೂಗಳಲ್ಲಿ. ಆರನೆಯ ವಾರ ಕಣಕಾಲಿನ ಒಳಅಂಚಿನ ಉದ್ದಕ್ಕೂ ನೋವು. ಆಗ ಓಟ ಅರ್ಧ ಮಾಡಿ, ಹುಲ್ಲಿನ ಮೇಲೆ ಓಡಿದರೆ ಹೆಚ್ಚಿನವರಿಗೆ ಕೆಲವು ವಾರದಲ್ಲಿ ಇಳಿಯುತ್ತದೆ. ಅದನ್ನೇ ‘ನೋವು ನುಂಗುವವನೇ ಸೈನಿಕ’ ಅಂತ ನುಂಗಿದರೆ ಎಲುಬಿನಲ್ಲಿ ಬಿರುಕು. ಗುರುತು ಹೇಗೆ? ಒಂದೇ ಬೆರಳಿಗೆ ಸಿಗುವ ಜಾಗದಲ್ಲಿ ನೋವು, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವುದು, ರಾತ್ರಿ ಮಲಗಿದಾಗಲೂ ಇರುವುದು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ಸರಿ ಉಂಟು’ ಅಂತ ಮರುದಿನ ಓಡಬೇಡಿ ಮಾರಾಯ್ರೇ, ಮೂಳೆ ಡಾಕ್ಟರಿಗೆ ಈ ಮೂರೂ ಗುರುತು ಹೇಳಿ. ಬಿರುಕಾದರೆ ಆರರಿಂದ ಎಂಟು ವಾರ ಓಟ ಇಲ್ಲ. ಛಲ ಹೋಗುವುದು ಆ ಎಂಟು ವಾರದಲ್ಲಿ.

ವಾರಕ್ಕೆ ನಾಲ್ಕು ಓಟ ಸಾಕು. ಎರಡು ನಿಧಾನ, ಪಕ್ಕದವನ ಹತ್ತಿರ ಮಾತಾಡುತ್ತಾ ಓಡುವಷ್ಟು. ಒಂದು ದಿನ 400 ಮೀಟರ್ ಆರು ಸಲ, ಒಂದೊಂದು 80–82 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ. ಆ ವೇಗ ಈಗ ಬಾರದಿದ್ದರೆ 90ರಿಂದ ಶುರು. ಇನ್ನೊಂದು ದಿನ ಮೂರು ಕಿಲೋಮೀಟರ್ ಗಟ್ಟಿ ವೇಗದಲ್ಲಿ. ವಾರದ ಒಟ್ಟು ದೂರ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಬಾರದು. ಪ್ರತಿ ನಾಲ್ಕನೆಯ ವಾರ ಮೂರನೇ ಒಂದು ಪಾಲು ಇಳಿಸಿ. ಕಡಪ್ಪುರದಲ್ಲಿ, ಅಂದರೆ ಸಮುದ್ರದ ದಂಡೆಯಲ್ಲಿ, ಓಡುವವರು ನೀರಿಳಿದ ಸಮಯದಲ್ಲಿ ಗಟ್ಟಿ ಮರಳಿನಲ್ಲಿ ಓಡಿ, ಹೋದ ದಾರಿಯಲ್ಲೇ ಬನ್ನಿ. ದಂಡೆ ಓರೆ ಇರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದೇ ಮೊಣಕಾಲು ಪೆಟ್ಟು ತಿನ್ನುತ್ತದೆ.

ಪುಲ್‌ಅಪ್ ಮೂರೇ ಬರುವವನು ದಿನಾ ಮೂರು ತೆಗೆದು ಸುಸ್ತಾಗಬಾರದು. ಎರಡೆರಡು, ದಿನಕ್ಕೆ ಆರು ಸಲ, ಹರಡಿ. ಒಂದೂ ಬಾರದವನು ಸ್ಟೂಲ್ ಹತ್ತಿ ಗಲ್ಲ ಪೈಪಿನ ಮೇಲಿಟ್ಟು ಐದು ಸೆಕೆಂಡು ಹಿಡಿದು ಇಳಿಯಲಿ. ಪೈಪನ್ನು ಅಡಿಕೆ ಮರಕ್ಕೆ ಕಟ್ಟಬೇಡಿ. ಮರ ನಿಮ್ಮ ಜೊತೆ ಬಾಗುತ್ತದೆ, ಆಮೇಲೆ ಅಪ್ಪನ ಮಾತು ಕೇಳಬೇಕಾಗುತ್ತದೆ. ಎರಡು ತೆಂಗಿನ ಮರ ಒಳ್ಳೆಯದು.

ಹೊರೆ? ಭರ್ತಿಯ ಓಟದಲ್ಲಿ ಹೊರೆಯೇ ಇಲ್ಲ. ಬೆನ್ನಿಗೆ ಇಪ್ಪತ್ತು ಕಿಲೋ ಕಲ್ಲು ಹಾಕಿಕೊಂಡು ಗುಡ್ಡ ಹತ್ತುವ ವಿಡಿಯೋ ನೋಡಿ ಮೊದಲ ದಿನವೇ ಹಾಗೆ ಮಾಡುವವರು ಪುನಃ ಆ ಕಣಕಾಲಿನ ಡಾಕ್ಟರಲ್ಲಿಗೆ. ಆರು ತಿಂಗಳು ಓಡಿದ ಮೇಲೆ, ವಾರಕ್ಕೊಮ್ಮೆ, ಐದು ಕಿಲೋದ ಎರಡು ಅಕ್ಕಿಚೀಲ, ಭುಜದ ಹತ್ತಿರ ಬೆನ್ನಿಗೆ ಅಂಟಿದ ಹಾಗೆ ಕಟ್ಟಿ ನಾಲ್ಕು ಕಿಲೋಮೀಟರ್ ನಡಿಗೆ. ಓಟ ಬೇಡ.

ಮಳೆಗಾಲ... ಚೀಟಿ ಬಂತು, ಹತ್ತು ನಿಮಿಷ ಅಂತೆ. ಸರಿ, ಬೇಗ ಬೇಗ.

ಎರಡು ಜೊತೆ ಶೂ, ಒದ್ದೆಯಾದದ್ದಕ್ಕೆ ಪೇಪರ್ ತುರುಕಿ. ಬೆರಳ ಸಂದು ಒರೆಸಿ. ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರು, ಚರಂಡಿ ನೀರು ತುಳಿಯಬೇಡಿ, ಇಲಿಜ್ವರ ಸುಮ್ಮನೆ ಬರುವುದಲ್ಲ. ಸುರಿಯುವ ದಿನ ಶಾಲೆಯ ಮೆಟ್ಟಿಲು, ಹಗ್ಗದಾಟ, ಪುಲ್‌ಅಪ್. ಮೈದಾನಕ್ಕೆ ಹೋಗಲಾಗದ್ದು ರಜೆ ಅಲ್ಲ, ನೋಟ್‌ಬುಕ್ಕಿನಲ್ಲಿ ಅವತ್ತಿನ ಸಾಲು ಖಾಲಿ ಬಿಡಬೇಡಿ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಮೊಟ್ಟೆ, ತಿನ್ನುವವರಿಗೆ ಬೂತಾಯಿ ಮೀನು. ಡಬ್ಬಿಯ ಹುಡಿ, ಜಿಮ್ಮಿನವರು ಕೊಡುವ ಇಂಜೆಕ್ಷನ್ ಖಂಡಿತ ಬೇಡ.

ನೌಕಾಪಡೆಯ ಕಮಾಂಡೋಗಳಾದ ಮಾರ್ಕೋಸ್ ಅಂತ ಹೇಳಿಕೊಂಡು ಕೆರೆಯಲ್ಲಿ ಉಸಿರು ಕಟ್ಟುವ ಪಂದ್ಯ ಕಟ್ಟುವವರು ಇಲ್ಲಿ ಯಾರಾದರೂ ಇದ್ದರೆ ಇವತ್ತಿಗೇ ನಿಲ್ಲಿಸಿ. ಮುಳುಗುವ ಮೊದಲು ಜೋರಾಗಿ ಉಸಿರಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಉಸಿರು ಬೇಕು ಅನ್ನುವ ಸೂಚನೆ ತಡವಾಗುತ್ತದೆ, ಅಷ್ಟರಲ್ಲಿ ನೀರಿನಡಿಯಲ್ಲೇ ಪ್ರಜ್ಞೆ ತಪ್ಪುತ್ತದೆ. ಒದ್ದಾಟವೂ ಕಾಣುವುದಿಲ್ಲ. ಒಳ್ಳೆಯ ಈಜುಗಾರರೇ ಹೀಗೆ ಹೋಗುವುದು.

ಕೊನೆಯದ್ದು ಅಪ್ಪಂದಿರಿಗೆ. ಬಣ್ಣದ ದೃಷ್ಟಿ, ಚಪ್ಪಟೆ ಪಾದ, ಮೊಣಕಾಲು ಒಂದಕ್ಕೊಂದು ತಾಗುವುದು, ಇವನ್ನು ಈಗಲೇ ತೋರಿಸಿ. ಎರಡು ವರ್ಷ ಓಡಿ ಮೆಡಿಕಲ್‌ನಲ್ಲಿ ಗೊತ್ತಾಗುವುದು ಬೇಡ. ಮತ್ತೆ, ಮಂಜೇಶ್ವರಕ್ಕೆ ಮಂಗಳೂರು ಹತ್ತಿರ, ಭಾಷೆಯೂ ನಮ್ಮದೇ, ವಿಟ್ಲದ ಮಾವ ಹೇಳಿದರು ಅಂತ ಅಲ್ಲಿಯ ಭರ್ತಿಗೆ ಅರ್ಜಿ ಹಾಕಬೇಡಿ. ಕಾಸರಗೋಡು ಕೇರಳದಲ್ಲಿ ಉಂಟು, ಇಲ್ಲಿಯ ವಾಸಪತ್ರ ಇರುವವರಿಗೆ ಸೇನೆಯ ಭರ್ತಿ ಕಚೇರಿ ಕೋಝಿಕ್ಕೋಡ್. ವಾಸಪತ್ರ, ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಹಾಗೆ ಉಂಟೋ ಅಂತ ಮನೆಗೆ ಹೋಗಿ ನೋಡಿ. ಕನ್ನಡದ ಹೆಸರು ಮಲಯಾಳದ ಕಚೇರಿಯಲ್ಲಿ ಇಂಗ್ಲಿಷಿಗೆ ಹೋಗುವಾಗ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ತಿದ್ದಿಸಲಿಕ್ಕೆ ಸಮಯ ಹಿಡಿಯುತ್ತದೆ, ಅಧಿಸೂಚನೆ ಬರುವವರೆಗೆ ಕಾಯಬೇಡಿ. ಪ್ರಶ್ನೆ ಇದ್ದವರು ಕೇಳಿ.